ಅಜ್ಜಿಯನ್ನು ಗುಹೆಯೊಳಗೆ ಕರೆತಂದ ಬಗೆ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬೈ ಉಪನಗರದ ಗುಡ್ಡವೊಂದರ ಹಳೆಯ ಗುಹೆಗಳಲ್ಲಿ ಕಾವಲು ಕೆಲಸಕ್ಕಿದ್ದೆ. ಅದಕ್ಕೂ ಮೊದಲು ಮಲಾಡಿನ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್. ಮುಟ್ಟಬೇಡಿ, ಹತ್ತಬೇಡಿ, ಇಲ್ಲಿ ಕೂರಬೇಡಿ ಎಂದು ಬಂದವರ ಮೇಲೆ ಕೂಗುವುದೇ ಕಾವಲು ಎಂದು ನಾವೆಲ್ಲ ತಿಳಿದಿದ್ದೆವು. ದೂರುಗಳು ಹೆಚ್ಚಾದಾಗ ನಮಗೆ ಕಲಿಸಲು ಧಾರವಾಡದ ಕಡೆಯ ಒಬ್ಬ ಮೇಡಂ ಬಂದರು. ವಯಸ್ಸು ಐವತ್ತರ ಹತ್ತಿರ, ಮೆಲು ದನಿ.

ಮೊದಲ ದಿನವೇ ಅವರು ನಮ್ಮನ್ನು ಬಿಸಿಲಲ್ಲಿ ಕೆಳಗಿನಿಂದ ಮೆಟ್ಟಿಲು ಹತ್ತಿಸಿದರು. ತಾವು ಮೇಲೆ ನಿಂತು, ನಾವು ಜನರಿಗೆ ಗದರುವ ಹಾಗೆಯೇ ನಮಗೆ ಗದರಿದರು. ನಕ್ಕೆವು; ಮೂರನೆಯವನ ಸರದಿ ಬರುವಷ್ಟರಲ್ಲಿ ಯಾರಿಗೂ ನಗು ಬರಲಿಲ್ಲ. ಆಮೇಲೆ ನನ್ನನ್ನು ಕರೆದು, ಹೋಟೆಲಿನಲ್ಲಿ ಗಿರಾಕಿ ಕೂತ ಕೂಡಲೇ ಏನು ಮಾಡುತ್ತಿದ್ದೆ ಎಂದು ಕೇಳಿದರು. ಏನು ಬೇಕೆಂದು ಕೇಳುವ ಮೊದಲು ನೀರಿನ ಲೋಟ ಇಡುತ್ತಿದ್ದೆ ಎಂದೆ.

"ನೋಡ್ರಿ, ಅಷ್ಟೇ ಅದ," ಎಂದರು ಮೇಡಂ. "ಬ್ಯಾಡ ಅನ್ನೋಕಿಂತ ಮೊದಲ ಏನರ ಒಂದು ಕೊಡ್ರಿ. ಇಲ್ಲಿ ಕೂಡಬ್ಯಾಡ್ರಿ ಅನ್ನೋದಿದ್ರ, ಎಲ್ಲಿ ಕೂಡಬೇಕು ತೋರಸ್ರಿ."

ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವನು ವಿಜಯಪುರದ ಕಡೆಯಿಂದ ಬಂದಿದ್ದ ನನ್ನ ಜೊತೆಗಾರ. ಭಕ್ತ. ಗುಹೆಯ ಕಲ್ಲುಮೂರ್ತಿಗಳ ಮುಂದೆ ದಿನವೂ ಚಪ್ಪಲಿ ಬಿಟ್ಟು ಕೈಮುಗಿದೇ ಕಾವಲಿಗೆ ನಿಲ್ಲುತ್ತಿದ್ದ.

ಮುಂದೆ ನಡೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದಷ್ಟನ್ನೇ ಬರೆಯುತ್ತೇನೆ.

ಒಂದು ಭಾನುವಾರ ಜೋಗೇಶ್ವರಿಯ ಚಾಳಿನಿಂದ ನಮ್ಮ ಕಡೆಯದೇ ಒಂದು ಕುಟುಂಬ ಬಂತು. ಹೊಸದಾಗಿ ಮದುವೆಯಾದ ಜೋಡಿ, ನೆಂಟರು, ಮದುಮಗನ ಅಜ್ಜಿ. ಅಜ್ಜಿಗೆ ಕಿವಿ ಮಂದ, ಕಣ್ಣೂ ಅಷ್ಟಕ್ಕಷ್ಟೆ. ಗುಹೆಯ ಮೂರ್ತಿಯ ಮುಂದೆ ಊದಿನಕಡ್ಡಿ ಹಚ್ಚಬೇಕೆಂದರು. ಒಳಗೆ ಹೊಗೆ ಮಾಡುವಂತಿರಲಿಲ್ಲ. ನನ್ನ ಜೊತೆಗಾರ ಗದರಲಿಲ್ಲ. ಕಲಿತ ಹಾಗೆ ಅವರಿಗೊಂದು ಜಾಗ ತೋರಿಸಿದ. ಹೊರಗಿನ ಬಂಡೆಯ ಸೀಳಿನಲ್ಲಿ ತಾನೇ ಇಡೀ ಕಟ್ಟನ್ನು ಹಚ್ಚಿ ಸಿಕ್ಕಿಸಿ, ಕೈಮುಗಿದ. ನೇರ ಮೇಲೆ, ಬಂಡೆಯ ಚಾಚಿನಡಿ ಹೆಜ್ಜೇನಿನ ಹುಟ್ಟು ಕಪ್ಪು ಹಲಗೆಯಂತೆ ತೂಗುತ್ತಿತ್ತು.

ಮೊದಲು ಒಂದು ಸದ್ದು ಕೇಳಿಸಿತು, ದೂರದಲ್ಲಿ ಲೋಕಲ್ ರೈಲು ಬಂದ ಹಾಗೆ. ಆಮೇಲೆ ಮದುಮಗ ಕುತ್ತಿಗೆ ಹಿಡಿದುಕೊಂಡು ಕೂಗಿದ. ಜನ ಕೈ ಬೀಸುತ್ತ ಚೆಲ್ಲಾಪಿಲ್ಲಿಯಾದರು. ಗುಹೆಯ ಬಾಯಿಯ ಕಂಬಗಳ ಸಾಲಿನ ಬಳಿಯಿದ್ದ ಮೇಡಂ ಓಡಲಿಲ್ಲ, ಕಿರುಚಲಿಲ್ಲ. ಒಳಗೆ ಬನ್ನಿ, ಕತ್ತಲಿದ್ದಲ್ಲಿ ಕೂತುಬಿಡಿ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ, ಅದೇ ಮೆಲು ದನಿಯಲ್ಲಿ ಹೇಳುತ್ತ ಹೋದರು. ಆ ದನಿ ಕೇಳಲು ಜನ ಸುಮ್ಮನಾಗಲೇಬೇಕಾಯಿತು. ನಾವೆಲ್ಲ ಒಳಗೆ ಬಂದು ಕುಕ್ಕರಿಸಿದೆವು. ಅಜ್ಜಿ ಮಾತ್ರ ಹೊರಗಿನ ಮೆಟ್ಟಿಲ ಮೇಲೆ, ಊದಿನಕಡ್ಡಿಯಿಂದ ಹತ್ತು ಮಾರು ದೂರದಲ್ಲಿ, ಕಾಲು ಚಾಚಿ ಕೂತಿದ್ದಳು. ಅವಳಿಗೆ ಏನೂ ತಿಳಿದಿರಲಿಲ್ಲ. ಮೊಮ್ಮಗ ಎದ್ದು ಓಡಹೊರಟ. ನಾನೂ ಜೊತೆಗಾರನೂ ಹಿಡಿದುಕೊಂಡೆವು.

ಮೇಡಂ ಆ ಕುಟುಂಬದವರ ಜಮಖಾನ ಎತ್ತಿಕೊಂಡು ಹೊರಗೆ ನಡೆದರು. ನಡೆದರು ಎಂದೇ ಬರೆಯಬೇಕು. ಹುಳುಗಳು ಅವರ ಹಣೆಯ ಮೇಲೆ, ತೋಳಿನ ಮೇಲೆ ಕೂರುವುದು ನನಗೆ ಕಾಣುತ್ತಿತ್ತು. ಅವರು ಅವನ್ನು ಕೊಡವಲೂ ಇಲ್ಲ. ಬಗ್ಗಿ ಅಜ್ಜಿಯ ಕಿವಿಯ ಹತ್ತಿರ ಹೇಳಿದರು:

"ಅಜ್ಜಿ, ಬಿಸಲು ಭಾಳ ಅದ. ಇದನ್ನ ಹೊದ್ದುಕೊಳ್ರಿ, ಒಳಗ ಹೋಗೋಣ."

ಮುಖ ಸಮೇತ ಹೊದೆಸಿ, ಸೊಂಟ ಹಿಡಿದು ಎಬ್ಬಿಸಿದರು. ಅಜ್ಜಿಯ ಮೊಣಕಾಲು ಮಡಚುತ್ತಿರಲಿಲ್ಲ. ಅವಳು ನಿಂತಾಗ ಮೇಡಂ ನಿಂತರು. ಅವಳು ಉಸಿರು ತೆಗೆದುಕೊಳ್ಳುವವರೆಗೆ, ಆ ಹುಳುಗಳ ನಡುವೆ, ಕಾದರು. ಕಡೆಗೆ ಇಬ್ಬರೂ ಕತ್ತಲೊಳಗೆ ಬಂದರು. ನನ್ನ ಜೊತೆಗಾರ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದ.

ಕಡ್ಡಿಗಳು ಉರಿದು ಮುಗಿದು ಹುಳುಗಳು ಹುಟ್ಟಿಗೆ ಮರಳಲು ಬಹಳ ಹೊತ್ತು ಬೇಕಾಯಿತು. ಮದುಮಗನಿಗೂ ಇನ್ನು ಕೆಲವರಿಗೂ ಕಚ್ಚಿತ್ತು, ಎಲ್ಲರೂ ನಡೆಯುವಂತಿದ್ದರು. ಅಜ್ಜಿಗೆ ಒಂದೂ ಕಚ್ಚಿರಲಿಲ್ಲ. ಮೇಡಂ ಜನರ ಎದುರಿಗೆ ನನ್ನ ಜೊತೆಗಾರನಿಗೆ ಒಂದು ಮಾತೂ ಅನ್ನಲಿಲ್ಲ. ಅವನನ್ನು ಹತ್ತಿರ ಕರೆದು ಇಷ್ಟೇ ಹೇಳಿದರು: "ನೀ ಮಾಡಿದ್ದು ನಾ ಕಲಿಸಿದ್ದನ್ನೇ. ತಲಿ ಎತ್ತಿ ನೋಡು ಅಂತ ಕಲಿಸಲಿಲ್ಲ, ಅದು ನಂದು ತಪ್ಪು."

ಆಸ್ಪತ್ರೆಗೆ ಹೊರಡುವಾಗ ಮೇಡಂ ಅವರ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಅಜ್ಜಿ ಅವರ ಗಲ್ಲ ಹಿಡಿದು, ಹತ್ತಿರ ಎಳೆದು ನೋಡಿದಳು.

"ನನಗ ಹೊಚ್ಚಿ, ನೀ ಬಿಸಲಾಗ ನಿಂತಿ. ಮಾರಿ ಹೆಂಗ ಬಾತೈತಿ ನೋಡು," ಎಂದು ಬೈದಳು. "ಶಾಣ್ಯಾಕಿ ಅಲ್ಲ ಬಿಡವಾ ನೀನು."

"ಹೌದ್ರಿ ಅಜ್ಜಿ," ಎಂದರು ಮೇಡಂ. ಬಾತ ತುಟಿಯಿಂದ ಅಷ್ಟು ಹೇಳುವುದೂ ಅವರಿಗೆ ಕಷ್ಟವಾಗುತ್ತಿತ್ತು.