ಬೀಸುವ ಕಲ್ಲಿನ ಎದುರು ಪದ

ಅಜ್ಜಿಯ ಹಾಡನ್ನು ಟೇಪಿನಲ್ಲಿ ಹಿಡಿಯಲು ಹೋಗಿ ಮೊದಲ ಸಲ ನಾನು ಬೇಸ್ತು ಬಿದ್ದೆ. ಆಗ ಎಂಬತ್ತರ ದಶಕದ ಆರಂಭ, ತುಮಕೂರಿನಲ್ಲಿ ಬಿ.ಎ. ಓದುತ್ತಿದ್ದೆ. ಉಪ್ಪಾರಹಳ್ಳಿಯ ನಮ್ಮ ಬೀದಿಯ ಹೆಂಗಸರು ರಾಗಿ ಬೀಸುತ್ತ ಕಟ್ಟಿದ ಪದದಲ್ಲಿ ಬೀದಿಯ ಚರಿತ್ರೆಯೇ ಇತ್ತು. ಯಾವ ಮನೆಯವರು ಎಲ್ಲಿಂದ ಬಂದರು, ಬಾವಿ ತೋಡಿಸಿದವರು ಯಾರು, ಯಾವ ಸೊಸೆ ಎಂಥ ಬಾಯಿಯವಳು, ಎಲ್ಲ. ಸತ್ತವರಿಗೂ ಒಂದು ಸಾಲು ಸಿಗುತ್ತಿತ್ತು. ಸಾಲು ಸಿಕ್ಕವರನ್ನು ಬೀದಿ ಮರೆಯುವುದಿಲ್ಲ ಎಂದು ಅವರ ನಂಬಿಕೆ.

ಗೆಳತಿಯ ಅಣ್ಣನನ್ನು ಕಾಡಿ ಬೇಡಿ ಟೇಪ್ ರೆಕಾರ್ಡರ್ ತಂದೆ. ಅಜ್ಜಿ ಒಂದು ಸಾಲು ಹಾಡಿ ಸುಮ್ಮನಾದಳು. ಮತ್ತೊಂದು ಸಾಲು, ಮತ್ತೆ ಮೌನ. ಮರೆತಿದ್ದಾಳೆ ಪಾಪ ಎಂದುಕೊಂಡು ಮೌನ ಬಂದಾಗಲೆಲ್ಲ ಟೇಪ್ ನಿಲ್ಲಿಸಿದೆ. ಆಮೇಲೆ ಕೇಳಿಸಿದರೆ ಅಜ್ಜಿ ಉರಿದುಬಿದ್ದಳು.

"ಏನೇ ಇದು, ಅವಳ ಪಾಲೆಲ್ಲ ಕತ್ತರ್ಸಿ ಬಿಸಾಕಿದೀಯ?"

ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬಳು ಸಾಲು ಎತ್ತಿದರೆ ಎದುರಿನವಳು ಮುಗಿಸಬೇಕು. ಅಜ್ಜಿ ಬಿಟ್ಟಿದ್ದು ಎದುರಿನವಳ ಜಾಗ. "ನಿಂಗೂ ಗೊತ್ತಲ್ಲ, ನೀನೇ ಹೇಳ್ಬುಡು" ಎಂದೆ.

"ಅವಳ ಎಲೆಗೆ ನಾನ್ ಕೈ ಹಾಕ್ಲಾ? ಓದಿದೋಳಂತೆ, ಥೂ!"

ಆ ಎದುರಿನವಳು ಪಕ್ಕದ ಮನೆಯಾಕೆ, ಅಜ್ಜಿಯ ಜೀವದ ಗೆಳತಿ. ಬಾಣಂತನಕ್ಕೆ ತವರಿಗೆ ಬಂದ ನನ್ನಮ್ಮ, ನನ್ನನ್ನು ಹೆತ್ತು ಹತ್ತೇ ದಿನಕ್ಕೆ ತೀರಿಕೊಂಡಳು. ಅವಳಿಗೂ ಒಂದು ಸಾಲು ಕಟ್ಟೋಣ ಬಾ ಎಂದು ಗೆಳತಿ ಕರೆದಾಗ ಅಜ್ಜಿ, "ನಿನ್ ಮಕ್ಳು ಬದ್ಕವೆ, ನೀನೇ ಹಾಡ್ಕೊ ಹೋಗು" ಎಂದಿದ್ದಳಂತೆ. ಹಾಗಂದರೆ ಯಾರು ತಾನೆ ಸಹಿಸುತ್ತಾರೆ? ಇಬ್ಬರ ನಡುವೆ ಮಾತು ನಿಂತಿತು. ಬೀದಿಗೆ ಹಿಟ್ಟಿನ ಗಿರಣಿ ಬಂತು, ಆಕೆ ಮಗನ ಜೊತೆ ಕುಣಿಗಲ್ಲಿಗೆ ಹೋದಳು. ಇಪ್ಪತ್ತು ವರ್ಷ ಹಾಗೇ ಕಳೆಯಿತು.

ಹಾಡು ಪೂರ್ತಿ ಬೇಕೆಂಬುದು ನನ್ನ ಹಟ. ಕುಣಿಗಲ್ಲಿಗೆ ಹೋಗೋಣ ಎಂದಾಗ ಅಜ್ಜಿಯ ಸಂಕಟ ಹೊರಬಿತ್ತು. "ನನ್ ಮಗಳ್ನ ಪದಕ್ಕೆ ಸೇರ್ಸಿದ್ಲೋ ಇಲ್ವೋ. ಇಲ್ಲ ಅಂದ್ಬುಟ್ರೆ ಹೆಂಗ್ ತಡ್ಕಳ್ಳೇ?"

ಮೂರು ದಿನ ಜಗಳವಾಡಿ ನಾಲ್ಕನೆಯ ದಿನ ಬಸ್ಸು ಹತ್ತಿಸಿದೆ. ನನ್ನ ಮೊಂಡುತನದಿಂದ ಆದ ಒಳ್ಳೆಯ ಕೆಲಸ ಬಹುಶಃ ಅದೊಂದೇ.

ಆಕೆ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಅಜ್ಜಿಯನ್ನು ಕಂಡು ಮೊರ ಕೆಳಗಿಟ್ಟಳು. ಬಾ ಅನ್ನಲಿಲ್ಲ. ನನ್ನನ್ನು ದಿಟ್ಟಿಸಿ, "ಇವಳೇನಾ ಆ ಕೂಸು?" ಎಂದು ಕೇಳಿ ಒಳಗೆ ಹೋದಳು. ನಾವೂ ಹಿಂದೆಯೇ ಹೋದೆವು. ಆಕೆ ಮೂಲೆಯ ಬೀಸುವ ಕಲ್ಲಿನ ಮೇಲಿದ್ದ ಗೋಣಿಚೀಲ ಸರಿಸಿ, ಹಿಡಿ ರಾಗಿ ಹಾಕಿ, ಒಂದು ಕಡೆ ಕೂತಳು. ಅಜ್ಜಿ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದಳು. ನಾನು ಟೇಪ್ ಒತ್ತಿದೆ. ಈ ಸಲ ನಡುವೆ ಮುಟ್ಟಲಿಲ್ಲ.

ಅಜ್ಜಿ ಎತ್ತಿದಳು, ಆಕೆ ಮುಗಿಸಿದಳು. ಒಂದೊಂದಾಗಿ ಬೀದಿಯ ಮನೆಗಳು ಬಂದವು. ಅವರವರ ಮನೆಯ ಸಾಲನ್ನು ಅವರೇ ಎತ್ತಬಾರದು ಎಂಬ ವಾಡಿಕೆ. ಹಾಗಾಗಿ ನಮ್ಮ ಮನೆಯ ಸರದಿ ಬಂದಾಗ ಅಜ್ಜಿ ಬಾಯಿ ಮುಚ್ಚಿ ಕಾದಳು. ಆಕೆ ಎತ್ತಿದಳು:

"ಹತ್ತು ದಿನದ ಬಾಣಂತಿ ತೊಟ್ಟಿಲ ಬಿಟ್ಟೋದ್ಲು..."

ಕಲ್ಲು ನಿಂತಿತು. "ಕಟ್ಟಿದ್ಯಾ?" ಎಂದಳು ಅಜ್ಜಿ.

"ಕಟ್ದೆ ಇರ್ತೀನಾ? ಅವತ್ತಿಂದ ಅರ್ಧಕ್ಕೇ ನಿಂತೈತೆ ಕಣೇ. ಎದುರು ಪದ ನಿಂದು, ನಾನ್ ಹೆಂಗ್ ಹೇಳ್ಲಿ?"

ಅಜ್ಜಿ ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು. ಅವತ್ತಿನವರೆಗೆ ನಾನು ಅಮ್ಮನಿಗಾಗಿ ಅತ್ತವಳಲ್ಲ. ಕಾಣದವಳಿಗಾಗಿ ಅಳುವುದಾದರೂ ಹೇಗೆ? ಅವತ್ತು ತಡೆಯಲಾಗದೆ ಅತ್ತೆ. ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಮೂಗೊರೆಸಿಕೊಂಡು ಗೂಟ ಹಿಡಿದಳು. ನನ್ನ ಮುಖವನ್ನೇ ನೋಡುತ್ತ, ಒಡೆದ ದನಿಯಲ್ಲಿ ಮುಗಿಸಿದಳು:

"ತೊಟ್ಟಿಲ ಕೂಸು ಬೆಳೆದೈತೆ, ಕಣ್ಣೆದುರೇ ಕೂತೈತೆ."