ಒಣಗಣ್ಣಿನ ಅಭಿನಯ

ರೆಪ್ಪೆ ಬಡಿಯುವುದೂ ಒಂದು ಕೆಲಸವೆಂದು ನಿಮಗೆ ಎಂದಾದರೂ ಅನ್ನಿಸಿದೆಯೇ? ಅನ್ನಿಸಿಲ್ಲವಾದರೆ ನೀವು ಪುಣ್ಯವಂತರು. ಯಾರ ಅಪ್ಪಣೆಗೂ ಕಾಯದೆ ತನ್ನ ಪಾಡಿಗೆ ನಡೆದುಹೋಗಬೇಕಾದ ಈ ಕೆಲಸವನ್ನು ನಾನು ಏಳು ವರ್ಷಗಳಿಂದ ಎಚ್ಚರವಿಟ್ಟು, ಶ್ರದ್ಧೆಯಿಂದ, ನಿತ್ಯಕರ್ಮದ ಹಾಗೆ ಮಾಡುತ್ತ ಬಂದಿದ್ದೇನೆ. ಬೆಳಗ್ಗೆ ಎಚ್ಚರವಾದಾಗ ರೆಪ್ಪೆಗಳು ಗುಡ್ಡೆಗೆ ಅಂಟಿಕೊಂಡಿರುತ್ತವೆ. ಅವನ್ನು ಮೆಲ್ಲಗೆ ಬಿಡಿಸಿ, ಒಂದೊಂದು ಹನಿ ಔಷಧ ಬಿಟ್ಟುಕೊಂಡು, ಫ್ಯಾನು ನೋಡುತ್ತ ಐದು ನಿಮಿಷ ಮಲಗಿದ ಮೇಲೆಯೇ ನನ್ನ ಸುಪ್ರಭಾತ. ಆಮೇಲೂ ಕಣ್ಣೊಳಗೆ ನುಣ್ಣನೆಯ ಮರಳು ಇದ್ದೇ ಇರುತ್ತದೆ. ನಮ್ಮ ಜೆ.ಪಿ. ನಗರದಲ್ಲಿ ಮನೆ ಕಟ್ಟುವವರು ರಸ್ತೆಗೆ ಸುರಿದ ಮರಳಾದರೂ ಒಂದು ದಿನ ಗೋಡೆಯಾಗಿ ಮಾಯವಾಗುತ್ತದೆ, ನನ್ನದು ಹಾಗಲ್ಲ.

ಮನೆಯ ಮಹಡಿಯಲ್ಲಿ ನಾನು ಭರತನಾಟ್ಯ ಕಲಿಸುತ್ತೇನೆ. ಕೈಗಿಂತ ಕಣ್ಣೇ ಹೆಚ್ಚು ಮಾತಾಡಬೇಕಾದ ಕಲೆ ಇದು. ಮೂರನೇ ಕ್ಲಾಸಿನಿಂದ ಮೂಗಿನ ಮೇಲೆ ಕೂತಿದ್ದ ಕನ್ನಡಕವನ್ನು ರಂಗದ ಮೇಲೆ ತೆಗೆದಿಟ್ಟರೆ ಸಭಿಕರೆಲ್ಲ ಬಣ್ಣಬಣ್ಣದ ಮಂಜಾಗಿ ಕಾಣುತ್ತಿದ್ದರು. ಅದು ವರವೆಂದು ಆಗ ತಿಳಿಯಲಿಲ್ಲ. ಲೆನ್ಸು ಒಗ್ಗಲಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ, ಕನ್ನಡಕ ಬಿಡಿಸುವ ‘ಲೇಸರ್’ ಎಂಬ ಮಾತಿನಲ್ಲೇ ಲೇಸು ಅಡಗಿದೆಯೆಂದು ನಂಬಿ, ಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನ ಮೆತ್ತನೆಯ ಸೋಫಾದಲ್ಲಿ ಹೋಗಿ ಕೂತೆ.

ಅಲ್ಲಿ ನನ್ನಂಥವರನ್ನು ಒಪ್ಪಿಸುವುದಕ್ಕೆಂದೇ ಒಬ್ಬ ಹುಡುಗಿಯನ್ನು ಇಟ್ಟಿದ್ದರು.

“ಹತ್ತೇ ನಿಮಿಷ ಮೇಡಂ. ನಾಳೆಯಿಂದ ಆರಾಮಾಗಿ ಟಿವಿ ನೋಡ್ಬಹುದು,” ಎಂದಳು.

“ತೊಂದರೆ ಏನೂ ಇಲ್ವಾ?”

“ಸ್ವಲ್ಪ ಡ್ರೈ ಅನ್ಸುತ್ತೆ. ಅದು ಎಲ್ಲಾರ್ಗೂ ಇರೋದೇ. ಮೂರು ತಿಂಗ್ಳಲ್ಲಿ ಹೋಗ್ಬಿಡುತ್ತೆ.”

ಅವಳು ಸುಳ್ಳು ಹೇಳಲಿಲ್ಲ. ಬಹಳ ಜನಕ್ಕೆ ಹೋಗಿಯೇಬಿಡುತ್ತದಂತೆ. ಹೋಗದೆ ಉಳಿದವರಿಗೆ ಆ ಸೋಫಾದಲ್ಲಿ ಜಾಗವಿಲ್ಲ, ಅಷ್ಟೆ. ಲೇಸರ್ ಮಾಡಿಸಿಕೊಂಡ ಆರನೆಯ ತಿಂಗಳು ನಾನು ಉರಿಗಣ್ಣು ಹೊತ್ತು ಅಲ್ಲಿನ ಡಾಕ್ಟರ ಮುಂದೆ ನಿಂತಾಗ ಅವರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಕಟ್ಟಕಡೆಯ ಸಾಲಿನವರೆಗೂ ಓದಿದೆ.

“ಸೂಪರ್ ಮೇಡಂ! ರಿಸಲ್ಟ್ ಪರ್ಫೆಕ್ಟ್!”

“ಉರೀತಿದೆ ಡಾಕ್ಟ್ರೇ.”

“ಆದ್ರೆ ಕಾಣ್ತಿದೆಯಲ್ಲ?”

ಈ ಪ್ರಶ್ನೆಗೆ ನಾನು ಇಂದಿಗೂ ತಕ್ಕ ಉತ್ತರ ಹುಡುಕುತ್ತಿದ್ದೇನೆ. ಸಾರಕ್ಕಿ ಸಿಗ್ನಲ್ಲಿನಾಚೆ ನಿಂತ ಬಸ್ಸಿನ ನಂಬರು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅದು ಹತ್ತಿರ ಬರುವವರೆಗೆ ಕಣ್ಣು ತೆರೆದಿರಲು ಮಾತ್ರ ಆಗುವುದಿಲ್ಲ.

ಡಾಕ್ಟರು ಕೈಬಿಟ್ಟ ಮೇಲೆ ಊರು ಕೈಹಿಡಿಯಿತು. ಒಬ್ಬರು ಹರಳೆಣ್ಣೆ ಬಿಡು ಎಂದರು, ಇನ್ನೊಬ್ಬರು ದಿನಾ ಈರುಳ್ಳಿ ಹೆಚ್ಚು ಎಂದರು. ಒಣಗಿದ ಕಣ್ಣಿಗೆ ಗಾಳಿ ತಾಗಿದರೆ ಅದು ಗಾಬರಿಬಿದ್ದು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಗೆ ಇಳಿಯುತ್ತದೆಯೇ ಹೊರತು ಕಣ್ಣಿಗೆ ತಂಪು ಕೊಡುವುದಿಲ್ಲ. ಸ್ಕೂಟರಿನ ಹಿಂದೆ ಕೂತು ಹೀಗೆ ಧಾರಾಕಾರ ಸುರಿಸುತ್ತಿದ್ದ ನನ್ನನ್ನು ಕನ್ನಡಿಯಲ್ಲಿ ಕಂಡ ಗಂಡ, “ಒಣಗಿದೆ ಅಂತೀಯ, ಟ್ಯಾಂಕ್ ತುಂಬಿ ಹರೀತಿದೆಯಲ್ಲೇ!” ಎಂದು ನಕ್ಕರು. ಪಕ್ಕದ ಆಟೋದವನು ಅವರನ್ನು ಹೆಂಡತಿಗೆ ಹೊಡೆಯುವ ಗಂಡಸನ್ನು ನೋಡುವ ಹಾಗೆ ನೋಡಿದ. ಆ ಆಟೋದವನನ್ನು ನಾನು ಮನಸಾರೆ ಹರಸಿದೆ.

ಶಸ್ತ್ರಚಿಕಿತ್ಸೆಯ ಮರುವರ್ಷ ಜಯನಗರದ ಸಭಾಂಗಣವೊಂದರಲ್ಲಿ ನನ್ನ ಕಾರ್ಯಕ್ರಮವಿತ್ತು. ನಲ್ಲನಿಗಾಗಿ ಬಾಗಿಲಲ್ಲಿ ನಿಂತು ದಾರಿ ಕಾಯುವ ನಾಯಿಕೆಯ ಪದ ಅದು. ರೆಪ್ಪೆ ಮಿಟುಕಿಸದೆ ದೂರವನ್ನು ದಿಟ್ಟಿಸಬೇಕು. ದೇವತೆಗಳನ್ನು ಅನಿಮಿಷರು ಎನ್ನುತ್ತಾರಲ್ಲ, ರೆಪ್ಪೆ ಬಡಿಯದವರೆಂದು. ನರ್ತಕಿಯೂ ಆ ಹೊತ್ತಿಗೆ ಆ ಜಾತಿಗೆ ಸೇರಬೇಕು. ಮೇಲೆ ಏಸಿ, ಎದುರಿಗೆ ದೀಪ. ಎರಡನೆಯ ಸಾಲಿಗೇ ಕಣ್ಣಿಗೆ ಕೆಂಡ ಇಟ್ಟಂತಾಯಿತು. ತಡೆದೆ, ತಡೆದೆ, ಕೊನೆಗೆ ಗಟ್ಟಿಯಾಗಿ ಮುಚ್ಚಿಬಿಟ್ಟೆ. ಉಳಿದ ಪದವನ್ನು ಕತ್ತಲಲ್ಲೇ ಮುಗಿಸಿದೆ. ಕಂಬಕ್ಕೆ ಡಿಕ್ಕಿ ಹೊಡೆಯದಿದ್ದದ್ದು ನನ್ನ ಇಡೀ ಸಾಧನೆ.

ಮುಂದಿನ ಸಾಲಿನಲ್ಲಿ ನಮ್ಮ ಬಡಾವಣೆಗಳ ಪ್ರತಿಯೊಂದು ಕಾರ್ಯಕ್ರಮಕ್ಕೂ ಅಧ್ಯಕ್ಷರಾಗಿ ಬರುವ ಹಿರಿಯರೊಬ್ಬರು ಕೂತಿದ್ದರು. ಹೆಸರು ಬೇಡ, ರಸಜ್ಞರು ಎನ್ನೋಣ. ಅವರು ಮೈಕು ಹಿಡಿದು, “ನಾಯಿಕೆ ಹೊರಗಿನ ದಾರಿಯನ್ನು ತೊರೆದು ಅಂತರಂಗದ ದಾರಿಯನ್ನು ಕಂಡಳು! ಇದು ನಿಮೀಲಿತ ಅಭಿನಯ!” ಎಂದು ಘೋಷಿಸಿದರು. ಪಕ್ಕದಲ್ಲಿ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರಸವೆಂದರೆ ನೀರು, ನೀರಿಲ್ಲದ ಕಣ್ಣಿಗೆ ರಸಾಭಿನಯದ ಕೀರ್ತಿ!

ನಾನೇನು ಮಾಡಿದೆ? ನಗುಮುಖದಿಂದ ಕೈಮುಗಿದೆ. ಇದುವರೆಗೆ ನಾನು ಹೀಯಾಳಿಸಿದವರೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಾದರೆ ಆ ನಮಸ್ಕಾರವೊಂದೇ ಇನ್ನೊಂದು ತಟ್ಟೆಗೆ ಸಾಕು. ಆಮೇಲಿನ ಕಾರ್ಯಕ್ರಮಗಳಲ್ಲೂ ಉರಿ ಬಂದಾಗಲೆಲ್ಲ ಕಣ್ಣು ಮುಚ್ಚಿದೆ, ಮುಚ್ಚಿದಾಗಲೆಲ್ಲ ಚಪ್ಪಾಳೆ ಬಂತು. ಕ್ಲಾಸಿಗೆ ಹೊಸ ಮಕ್ಕಳು ಬಂದರು. ಅವರೂ ಕಣ್ಣು ಮುಚ್ಚಲು ಕಲಿತು, ಒಬ್ಬರ ಕಾಲು ಒಬ್ಬರು ತುಳಿಯತೊಡಗಿದರು.

ಅವರಲ್ಲಿ ಸಿಂಚನಾ ಎಲ್ಲರಿಗಿಂತ ಚುರುಕು. ಹತ್ತೊಂಬತ್ತು ವರ್ಷ, ದಪ್ಪ ಕನ್ನಡಕ. ಸಾರಕ್ಕಿಯ ಹಳೆಯ ಮನೆತನ. ಅವಳ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಬಾಡಿಗೆ ಕಟ್ಟಡಗಳಿವೆ. ಈ ವರ್ಷ ಅವಳ ರಂಗಪ್ರವೇಶ ನಿಶ್ಚಯವಾಯಿತು. ತಾಯಿ ಸುಜಾತ ಮಗಳ ಜೊತೆ ಸ್ವೀಟ್ ಬಾಕ್ಸ್ ಹಿಡಿದು ಬಂದರು.

“ಮಿಸ್, ಇವ್ಳಿಗೂ ಲೇಸರ್ ಮಾಡಿಸ್ಬಿಡ್ತೀವಿ. ನೀವು ಮಾಡಿಸ್ಕೊಂಡ್ರಲ್ಲ, ಅದೇ ಕ್ಲಿನಿಕ್ಕು. ಆಮೇಲೆ ನೀವು ಕಣ್ಣು ಮುಚ್ಚಿ ಮಾಡ್ತೀರಲ್ಲ, ಅದನ್ನ ಹೇಳ್ಕೊಟ್ಬಿಡಿ.”

ಹೊಗಳಿಕೆಯನ್ನು ನಾನು ಆರು ವರ್ಷ ಉಂಡಿದ್ದೆ. ಹೇಳಿದರೆ ಕೀರ್ತಿ ಹೋಗುತ್ತದೆ. ಹೇಳದಿದ್ದರೆ ಈ ಹುಡುಗಿ ನನ್ನ ಹೆಸರು ನಂಬಿಕೊಂಡು ಆ ಸೋಫಾದಲ್ಲಿ ಕೂರುತ್ತಾಳೆ. ಮಹಾತ್ಯಾಗವೆಂದು ತಿಳಿಯಬೇಡಿ, ಒಂದು ಲೋಟ ಕಾಫಿ ಪೂರ್ತಿ ಕುಡಿದು ಮುಗಿಸುವಷ್ಟು ಹೊತ್ತು ಯೋಚಿಸಿದೆ. ಆಮೇಲೆ ಎಲ್ಲವನ್ನೂ ಹೇಳಿದೆ.

ಸಿಂಚನಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. “ಅಂದ್ರೆ ಮಿಸ್, ನಾವೆಲ್ಲ ಇಷ್ಟು ದಿನ ನಿಮ್ಮ ಕಣ್ಣುರೀನ ಪ್ರಾಕ್ಟೀಸ್ ಮಾಡ್ತಿದ್ವಾ?”

“ಹೂಂ,” ಎಂದೆ.

“ಅಯ್ಯೋ, ನಮ್ ಹುಡ್ಗಿಗೆ ಹಂಗಾಗಲ್ಲ ಬಿಡಿ ಮಿಸ್,” ಎಂದರು ಸುಜಾತ.

ಆಗದೇ ಇರಬಹುದಿತ್ತು, ನಿಜ. ಅದಕ್ಕೇ ಅವಳನ್ನು ಬನಶಂಕರಿಯಲ್ಲಿ ಒಂದೇ ಕೋಣೆಯ ಕ್ಲಿನಿಕ್ ಇಟ್ಟುಕೊಂಡಿರುವ ಹಳೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಅವಳ ಕೆಳರೆಪ್ಪೆಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಪಟ್ಟಿಯ ತುದಿಯಷ್ಟೇ ನೆನೆದಿತ್ತು. “ಇರೋ ನೀರೇ ಕಮ್ಮಿ ಇದೆಯಲ್ಲಮ್ಮ. ನನ್ನ ಕೇಳಿದ್ರೆ ಬೇಡ,” ಎಂದರು. ನನಗೆ ಯಾರೂ ಆ ಪಟ್ಟಿ ಇಟ್ಟಿರಲಿಲ್ಲ. ಒಂದು ಚೂರು ಕಾಗದದ ಮುಂದೆ ನನ್ನ ಏಳು ವರ್ಷಗಳು ಎಷ್ಟು ಅಗ್ಗವಾಗಿ ಕಂಡವೆಂದರೆ, ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತುಬಿಟ್ಟೆ. ಸಿಂಚನಾ ಬಂದು ಪಕ್ಕದಲ್ಲಿ ಕೂತಳು.

ರಂಗಪ್ರವೇಶದ ದಿನ ಅವಳು ಕನ್ನಡಕವನ್ನು ತಲೆಯ ಹಿಂದೆ ಎಲಾಸ್ಟಿಕ್‌ನಿಂದ ಬಿಗಿದು, ಮೇಲೆ ಮಲ್ಲಿಗೆ ಮುಚ್ಚಿ ರಂಗಕ್ಕೆ ಬಂದಳು. “ಇಷ್ಟೊಂದು ಒಡವೆ ಹಾಕಿ, ಮೂಗಿನ ಮೇಲೆ ಅದೊಂದು!” ಎಂದು ಸುಜಾತ ಗೊಣಗುತ್ತಲೇ ಇದ್ದರು. ಅದೇ ಪದ, ಅದೇ ನಾಯಿಕೆ. ಗಾಜಿನ ಹಿಂದಿನ ಆ ಕಣ್ಣುಗಳು ದಾರಿಯ ತುದಿಯವರೆಗೂ ಹೋಗಿ, ಅಲ್ಲಿ ಯಾರನ್ನೋ ಕಂಡು, ಅವನಲ್ಲವೆಂದು ತಿಳಿದು ಹಿಂದಿರುಗಿದವು. ಕಣ್ಣು ತೆರೆದು ಮಾಡಬೇಕಾದ ಪದವನ್ನು ನಾನು ಕೊನೆಗೂ ನೋಡಿದ್ದೆ, ಇನ್ನೊಬ್ಬಳ ಮುಖದಲ್ಲಿ.

ಅಧ್ಯಕ್ಷರು ಯಾರೆಂದು ಹೇಳಬೇಕಿಲ್ಲ. “ಕನ್ನಡಕ ಧರಿಸಿದ ನಾಯಿಕೆ ರಸಭಂಗ,” ಎಂದು ರಸಜ್ಞರು ಮೈಕಿನಲ್ಲಿ ವಿಷಾದಿಸಿದರು. “ಗುರುವಿನ ನಿಮೀಲಿತ ಅಭಿನಯವನ್ನಾದರೂ ಶಿಷ್ಯೆ ಅನುಸರಿಸಬಾರದಿತ್ತೇ?”

ಸಿಂಚನಾಳ ಮುಖ ಸಪ್ಪಗಾಯಿತು. ನಾನು ಎದ್ದು ಹೋಗಿ ಮೈಕು ತೆಗೆದುಕೊಂಡೆ.

“ಸಾರ್, ಅದು ಅಭಿನಯ ಅಲ್ಲ, ಕಣ್ಣುರಿ. ಲೇಸರ್ ಮಾಡಿಸ್ಕೊಂಡ್ಮೇಲೆ ನನ್ನ ಕಣ್ಣು ಒಣಗ್ಹೋಗಿದೆ. ಗಂಟೆಗೊಂದ್ಸಲ ಹನಿ ಹಾಕ್ಕೋಬೇಕು. ನೀವು ಹೊಗಳಿದ್ರಿ, ನಾನು ಸುಮ್ನೆ ಇದ್ದೆ. ತಪ್ಪು ನಂದು. ಈ ಹುಡ್ಗಿ ಇವತ್ತು ಮಾಡಿದ್ಲಲ್ಲ, ಪದ ಅಂದ್ರೆ ಅದು.”

ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ರಸಜ್ಞರು ಹಾರವನ್ನು ಕುರ್ಚಿಯ ಮೇಲೆ ಬಿಟ್ಟು ಕೆಳಗಿಳಿದರು. ನನ್ನ ಕೀರ್ತಿ ಹೀಗೆ, ಮುಹೂರ್ತ ನೋಡದೆ, ಒಂದೇ ನಿಮಿಷದಲ್ಲಿ ಮುಗಿಯಿತು.

ಚಪ್ಪಲಿ ಬಿಡುವ ಜಾಗದಲ್ಲಿ ನನ್ನ ಜೋಡಿ ಹುಡುಕುತ್ತಿದ್ದಾಗ ಯಾರೋ ತೋಳು ಮುಟ್ಟಿದರು. ರಸಜ್ಞರ ಹೆಂಡತಿ. ಗಂಡ ಕಾರಿನ ಬಳಿ ಮುಖ ತಿರುಗಿಸಿ ನಿಂತಿದ್ದಾರೆಂದು ಖಾತ್ರಿ ಮಾಡಿಕೊಂಡು ಆಕೆ ದನಿ ತಗ್ಗಿಸಿದರು.

“ಒಣಗಿದ್ರೂ ನೀರು ಸುರಿಯುತ್ತಾ ಅಮ್ಮ? ಏಸಿ ಗಾಳಿ ಬಿದ್ರೆ?”

“ಸುರಿಯುತ್ತೆ ಆಂಟಿ. ನನಗೂ ಹಾಗೇ.”

“ಹಾಗಾದ್ರೆ ಆ ಡ್ರಾಪ್ಸ್ ಹೆಸರು ಬರ್ಕೊಡಿ,” ಎಂದು ಅವರು ಪರ್ಸಿನಿಂದ ಪೆನ್ನು ತೆಗೆದರು. “ಇವರ ಭಾಷಣ ಕೇಳಿ ನಾನು ಅಳ್ತೀನಿ ಅಂತ ಇವ್ರು ಹತ್ತು ವರ್ಷದಿಂದ ನಂಬ್ಕೊಂಡಿದಾರೆ.”