ಟ್ಯಾಬಿನ ಹಸಿರು, ಸೀರೆಯ ಹಸಿರು

ನೋಡಿ ಸ್ನೇಹಿತರೇ, ಇವತ್ತು ಹನುಮಂತನಗರದ ಹುಡುಗಿಯೊಬ್ಬಳು ಮದುವೆ ಸೀರೆ ಒಯ್ಯಲು ಮನೆಗೆ ಬಂದಳು. ಸೆರಗಿಗೆ ನಾನು ಕಟ್ಟಿದ ಕುಚ್ಚು ನೋಡಿ, “ಆಂಟಿ, ಕಲರ್ ಮ್ಯಾಚೇ ಆಗ್ತಿಲ್ಲ” ಅಂತ ಟ್ಯಾಬಿನಲ್ಲಿ ಸೀರೆಯ ಫೋಟೋ ತೋರಿಸಿದಳು. ಅದರಲ್ಲಿ ಹಸಿರು ಮಿಂಚುತ್ತಿತ್ತು. ನನ್ನ ಮಗಳು ಅದೇ ಫೋಟೋವನ್ನು ತನ್ನ ತೆಳು ಲ್ಯಾಪ್‌ಟಾಪಿನಲ್ಲಿ ತೆರೆದಳು. ಅಲ್ಲಿ ಹಸಿರು ಮಂಕು, ಕುಚ್ಚಿನ ಹಾಗೆಯೇ.

“ನಿಮ್ ಲ್ಯಾಪ್‌ಟಾಪ್ ಡಿಸ್‌ಪ್ಲೇನೇ ಡಲ್ಲು” ಅಂದಳು ಹುಡುಗಿ.

“ನಿಮ್ ಟ್ಯಾಬೇ ಸುಮ್ನೆ ಬಿಲ್ಡಪ್ ಕೊಡ್ತಿದೆ” ಅಂದಳು ಮಗಳು.

“ಸೀರೆ ಇಲ್ಲೇ ಇದೆ, ಅದನ್ನ ನೋಡ್ರಮ್ಮ” ಅಂದೆ.

“ಮದುವೆಗೆ ಬರೋರಿಗಿಂತ ಫೋಟೋ ನೋಡೋರೇ ಜಾಸ್ತಿ ಆಂಟಿ. ಟ್ಯಾಬ್ ಕಲರ್‌ಗೇ ಹಾಕ್ಕೊಡಿ.”

ಈಗ ಒಂದೊಂದೇ ಗಂಟು ಬಿಚ್ಚುತ್ತಾ ಕೂತಿದ್ದೇನೆ. ಮದುವೆಯೊಳಗೆ ಅವಳು ಬೇರೆ ಟ್ಯಾಬ್ ಕೊಳ್ಳದಿದ್ದರೆ ಸಾಕು.